ಕೊರಾಯ್ಡಿನ ದಪ್ಪ: ಅಂಕಿಯೊಂದೇ ಸಾಲದು

ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಹೊದಿಸಿದಂತಿರುವ ಅಕ್ಷಿಪಟಲವನ್ನು, ಅಂದರೆ ರೆಟಿನಾವನ್ನು, ವಾಚಕರು ಬಲ್ಲರು. ಅದರ ಹಿಂದೆ ರಕ್ತನಾಳಗಳಿಂದಲೇ ಹೆಣೆದಂತಿರುವ ಇನ್ನೊಂದು ಪದರವುಂಟು, ಅದೇ ಕೊರಾಯ್ಡ್. ಬೆಳಕನ್ನು ಗ್ರಹಿಸುವ ಕೋಶಗಳಿಗೆ ಆಹಾರವೂ ಆಮ್ಲಜನಕವೂ ಒದಗುವುದು ಬಹುಮಟ್ಟಿಗೆ ಇಲ್ಲಿಂದಲೇ. ಹೆಲ್ಮ್‌ಹೋಲ್ಟ್ಸನು 1851ರಲ್ಲಿ ಕಣ್ಣಿನೊಳಗನ್ನು ನೋಡುವ ಉಪಕರಣವನ್ನು ಲೋಕಕ್ಕೆ ಪರಿಚಯಿಸಿದ ಮೇಲೂ ಈ ಪದರ ಮರೆಯಲ್ಲಿಯೇ ಉಳಿಯಿತು. ಅದರ ಮುಂದಿರುವ ವರ್ಣಕೋಶಗಳ ತೆರೆ ಬೆಳಕನ್ನು ತಡೆಯುತ್ತದೆ.

1991ರಲ್ಲಿ ಪ್ರಕಟವಾದ ಓಸಿಟಿ ವಿಧಾನದಲ್ಲಿ ಅಡಗಿರುವುದು, ಕಾಲೇಜಿನಲ್ಲಿ ನಾವು ಪಾಠ ಹೇಳುವ ಮೈಕೆಲ್ಸನ್ನನ ವ್ಯತಿಕರಣದ ತತ್ತ್ವವೇ. ಅವಕೆಂಪು ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಕಣ್ಣಿನೊಳಕ್ಕೂ ಮತ್ತೊಂದನ್ನು ಕನ್ನಡಿಗೂ ಕಳುಹಿಸಿ, ಹಿಂದಿರುಗಿದ ಎರಡನ್ನೂ ಕೂಡಿಸಿದರೆ ಯಾವ ಆಳದಿಂದ ಎಷ್ಟು ಬೆಳಕು ಮರಳಿತೆಂಬುದು ತಿಳಿಯುವುದು. 2008ರಲ್ಲಿ ಸ್ಪೇಡ್ ಮತ್ತು ಸಂಗಡಿಗರು ಉಪಕರಣವನ್ನು ಕಣ್ಣಿಗೆ ಇನ್ನಷ್ಟು ಸಮೀಪಕ್ಕೆ ತಂದು, ಅದರ ಗ್ರಹಣಶಕ್ತಿ ಅತ್ಯಧಿಕವಾಗಿರುವ ಆಳವು ಕೊರಾಯ್ಡಿನ ಕಡೆಗೆ ಸರಿಯುವಂತೆ ಮಾಡಿದರು. ಎಷ್ಟು ಸರಳವಾದ ಉಪಾಯ!

ಅಂದಿನಿಂದ ಈ ಪದರದ ದಪ್ಪವನ್ನು ಅಳೆಯುವುದು ಸುಲಭವಾಯಿತು. ನಡುವಯಸ್ಸಿನ ಆರೋಗ್ಯವಂತರಲ್ಲಿ ದೃಷ್ಟಿಕೇಂದ್ರದ ಹಿಂದೆ ಅದು ಸರಿಸುಮಾರು ಕಾಲು ಮಿಲಿಮೀಟರು. ಅಕ್ಷಿಪಟಲದಡಿ ನೀರು ತುಂಬಿ ನೋಟದ ನಡುಭಾಗ ಮಬ್ಬಾಗುವ ‘ಸೆಂಟ್ರಲ್ ಸೀರಸ್’ ರೋಗದಲ್ಲಿ, 2009ರಲ್ಲಿ ಪ್ರಕಟವಾದ ಅಳತೆಗಳಂತೆ, ಸರಾಸರಿ ಅರ್ಧ ಮಿಲಿಮೀಟರು. ರೋಗ ಕಾಣುವುದು ಅಕ್ಷಿಪಟಲದಲ್ಲಿ, ಅದರ ಬೇರಿರುವುದು ಹಿಂದಿನ ಪದರದಲ್ಲಿ ಎಂಬ ಅಭಿಪ್ರಾಯಕ್ಕೆ ಇದರಿಂದ ಬಲ ಬಂದಿತು.

ಇಷ್ಟಾದ ಮೇಲೆ ಅಂಕಿಯನ್ನೇ ರೋಗನಿರ್ಣಯವೆಂದು ಭಾವಿಸುವ ಆತುರ ಸಹಜವಾದುದೇ. ನಾವು ಅದನ್ನು ಒಪ್ಪಲಾರೆವು. ವಯಸ್ಸು ಏರಿದಂತೆ ಕೊರಾಯ್ಡ್ ತೆಳುವಾಗುತ್ತದೆ. ಸಮೀಪದೃಷ್ಟಿಯವರ ನೀಳವಾದ ಕಣ್ಣಿನಲ್ಲಿ ಅದು ಇನ್ನೂ ತೆಳು. ಅಷ್ಟೇಕೆ, ಒಂದೇ ಕಣ್ಣಿನಲ್ಲಿ ಬೆಳಗಿನ ದಪ್ಪ ಸಂಜೆಗೆ ಇರುವುದಿಲ್ಲ. ಪದರ ಬಹಳ ದಪ್ಪವಾಗಿದ್ದಾಗ ಅದರ ಹಿಂದಿನ ಅಂಚೇ ಮಸುಕಾಗುವುದರಿಂದ ಗೆರೆ ಎಳೆಯುವವರ ಕೈಯೂ ಲೆಕ್ಕದಲ್ಲಿ ಸೇರುತ್ತದೆ. ಹೀಗಿರುವಾಗ ಒಂದು ದಿನದ ಬೆಳಗಿನ ಚಿತ್ರವನ್ನು ಮತ್ತೊಂದು ದಿನದ ಸಂಜೆಯ ಚಿತ್ರದೊಡನೆ ಹೋಲಿಸಿ, ಕೆಲವು ಮೈಕ್ರೋಮೀಟರು ಇಳಿದುದನ್ನೇ ಗುಣವೆಂದು ಹೇಳಿದರೆ ರೋಗಿಗೆ ದೊರೆಯುವುದು ಸುಳ್ಳು ಸಮಾಧಾನ.

ಉಷ್ಣತೆಯನ್ನು ನಮೂದಿಸದೆ ದ್ರವದ ಸ್ನಿಗ್ಧತೆಯನ್ನು ಮಾತ್ರ ಬರೆದು ತರುವ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ಕಣ್ಣಿನ ವರದಿಗೇಕೆ ಈ ವಿನಾಯಿತಿ? ಚಿತ್ರ ತೆಗೆದ ಗಂಟೆ, ರೋಗಿಯ ವಯಸ್ಸು, ಕಣ್ಣಿನ ಉದ್ದ ಇವು ಅಂಕಿಯ ಪಕ್ಕದಲ್ಲಿಯೇ ಇರಬೇಕು. ಅದೇ ಕಣ್ಣನ್ನು ಅದೇ ಹೊತ್ತಿನಲ್ಲಿ ಮತ್ತೆ ಅಳೆದು ಹೋಲಿಸಬೇಕು. ಈ ರೋಗದ ನೀರು ಅನೇಕರಲ್ಲಿ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಇಂಗುವುದುಂಟು. ಸ್ಟೀರಾಯ್ಡ್ ಔಷಧ ಸೇವಿಸುವವರಲ್ಲಿ ಮರಳಿ ತುಂಬುವುದೂ ಉಂಟು. ಕಾಯಬೇಕೇ, ಚಿಕಿತ್ಸೆಗೆ ತೊಡಗಬೇಕೇ ಎಂದು ನಿರ್ಧರಿಸುವ ವೈದ್ಯರು ಚಿತ್ರವನ್ನು ನೋಡುವಷ್ಟೇ ಶ್ರದ್ಧೆಯಿಂದ ಆ ಔಷಧದ ವಿಷಯವನ್ನು ರೋಗಿಯ ಬಾಯಿಂದ ಕೇಳಬೇಕಾಗಿದೆ.