ಹೊಳೆಗೆ ಬೆನ್ನು ಹಾಕಿದ ಊರು

ಕುಂದಾಪುರದ ಮೂರು ಮಗ್ಗುಲಲ್ಲೂ ನೀರಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಸಹಿತ ಐದು ನದಿಗಳು ಪಂಚಗಂಗಾವಳಿಯಾಗಿ ಕೂಡಿ ಇಲ್ಲೇ ಕಡಲು ಸೇರುತ್ತವೆ. ಆದರೆ ಪೇಟೆಗೆ ಬಂದವನಿಗೆ ಹೊಳೆ ಕಾಣಿಸುವುದಿಲ್ಲ, ಹೆದ್ದಾರಿ ಮಾತ್ರ ಕಾಣಿಸುತ್ತದೆ.

ಈ ನಾಡನ್ನು ಬೆಳೆಸಿದ್ದು ಹೆದ್ದಾರಿಯೇ? 14ನೇ ಶತಮಾನದಲ್ಲಿ ಇಬ್ನ್ ಬತೂತ ಬಾರಕೂರಿಗೆ ಬಂದದ್ದು ಹಡಗಿನಲ್ಲಿ. ಖಾಝಿ, ಖತೀಬರಿದ್ದ ಮುಸ್ಲಿಮ್ ಸಮುದಾಯವನ್ನು ಆತ ಅಲ್ಲಿ ಕಂಡು ಬರೆದಿಟ್ಟ. ಬಸ್ರೂರಿನ ಅಕ್ಕಿ ಪರದೇಶಕ್ಕೆ ಹೋದದ್ದೂ ಜಲಮಾರ್ಗದಲ್ಲೇ. ಹಿಂದು, ಮುಸ್ಲಿಮ್, ಕ್ರೈಸ್ತ ಕೇರಿಗಳನ್ನು ಒಂದಕ್ಕೊಂದು ಪರಿಚಯಿಸಿದ್ದು ಕಡವು ಮತ್ತು ದೋಣಿ.

ಇಂದು ಏನಾಗಿದೆ? ವರ್ಷಗಟ್ಟಲೆ ಕುಂಟಿದ ಶಾಸ್ತ್ರಿ ವೃತ್ತದ ಫ್ಲೈಓವರ್ 2021ರಲ್ಲಿ ತೆರೆಯಿತು. ದೂರದವರು ಊರನ್ನು ಮುಟ್ಟದೆ ಸಾಗಬಹುದು. ಆದರೆ ಎದುರು ದಡದಲ್ಲೇ ಕಾಣುವ ಗಂಗೊಳ್ಳಿಗೆ ರಸ್ತೆಯಲ್ಲಿ ಹೋಗಬೇಕಾದರೆ ಹೆಮ್ಮಾಡಿ, ತ್ರಾಸಿ ಸುತ್ತಬೇಕು. ದೂರವನ್ನು ಹತ್ತಿರ ಮಾಡುವ ಅಭಿವೃದ್ಧಿ ಹತ್ತಿರವನ್ನು ದೂರದಲ್ಲೇ ಉಳಿಸಿದೆ.

ಇನ್ನು 'ನದಿತೀರ ಸೌಂದರ್ಯೀಕರಣ'ದ ಮಾತು. ಇಂಟರ್‌ಲಾಕ್, ದೀಪ, ಸೆಲ್ಫಿ ಕಟ್ಟೆಯೆಂದರೆ ಮುಗಿಯಿತು! ದಕ್ಷಿಣ ಕೊರಿಯದ ಸಿಯೋಲ್‌ನ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ 2003ರಲ್ಲಿ ಮೇಲ್ಸೇತುವೆಯನ್ನೇ ಕೆಡವಲು ಆರಂಭಿಸಿ, 2005ರ ಹೊತ್ತಿಗೆ 5.8 ಕಿ.ಮೀ. ಉದ್ದಕ್ಕೂ ಮುಚ್ಚಿಹೋಗಿದ್ದ ಚಿಯೊಂಗ್‌ಗೆಚಿಯೊನ್ ತೊರೆಯನ್ನು ತೆರೆದರು. ಮೆಚ್ಚತಕ್ಕ ಧೈರ್ಯ. ಆದರೆ ಅಲ್ಲಿನ ಬೀದಿ ವ್ಯಾಪಾರಿಗಳು ಎತ್ತಂಗಡಿಯಾದರು ಮತ್ತು ತೊರೆಯಲ್ಲಿ ಹರಿಯುವುದು ಬಹುಪಾಲು ಪಂಪು ಮಾಡಿದ ನೀರು ಎಂಬುದನ್ನೂ ಹೇಳಬೇಕು. ನಮಗೆ ದೇವನು ಜೀವಂತ ಹೊಳೆಯನ್ನೇ ಕೊಟ್ಟಿದ್ದಾನೆ. ಅದರ ದಡದಲ್ಲಿ ಬಲೆ ಒಣಗಿಸುವವನನ್ನು, ಚಿಪ್ಪು ಹೆಕ್ಕುವ ಹೆಂಗಸನ್ನು ಓಡಿಸಿ ಪ್ರವಾಸಿಗೆ ಬೆಂಚು ಹಾಕುವುದು ಸೌಂದರ್ಯವಲ್ಲ, ಅನ್ಯಾಯ.

ಮೊದಲು ಚರಂಡಿ ನೀರು ಶುದ್ಧವಾಗದೆ ಹೊಳೆಗಿಳಿಯದಿರಲಿ. ಖಾರ್ವಿಕೇರಿಯಿಂದ ಕೋಡಿಯವರೆಗೆ ಪ್ರತಿ ಕೇರಿಗೂ ದಡಕ್ಕಿಳಿಯುವ ಸಾರ್ವಜನಿಕ ದಾರಿ ಇರಲಿ. ಗಂಗೊಳ್ಳಿಗೆ ಬಸ್ಸಿನಂತೆ ಸಮಯಕ್ಕೆ ಸರಿಯಾಗಿ ಹೊರಡುವ ದೋಣಿ ಇರಲಿ. ನಕಾಶೆ ಬರೆಯುವ ಮುನ್ನ ಮೀನುಗಾರರನ್ನು ಕೇಳಲಿ. ಬೈಂದೂರು, ಬ್ರಹ್ಮಾವರಗಳ ಅಳಿವೆ ದಡಗಳಿಗೂ ಇದೇ ಮಾತು.

ಸರಕಾರವನ್ನಷ್ಟೇ ದೂರಿದರೆ ಸಾಲದು. ಹರಿಯುವ ಹೊಳೆಯ ದಡದಲ್ಲಿ ಕುಳಿತು ವುಝೂ ಮಾಡುವಾಗಲೂ ನೀರು ಪೋಲಾಗಬಾರದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಆ ಸಮುದಾಯದ ಮದುವೆ ಹಾಲ್‌ಗಳ ಎಂಜಲೆಲೆ, ಕೋಳಿ ಅಂಗಡಿಗಳ ತ್ಯಾಜ್ಯ ರಾತ್ರೋರಾತ್ರಿ ಎಲ್ಲಿಗೆ ಹೋಗುತ್ತದೆಂದು ಜಮಾಅತ್‌ಗಳು ವಿಚಾರಿಸಬೇಡವೇ? ಮಸೀದಿಯಲ್ಲಿ ಹನಿ ನೀರಿಗೆ ಲೆಕ್ಕವಿಡುವವರು ಇಡೀ ಹೊಳೆಯ ಲೆಕ್ಕವನ್ನು ಬರೇ ಪುರಸಭೆಗೆ ಬಿಡುವುದು ಯಾವ ನ್ಯಾಯ?