‘ಉಭಯತಃ’ ಎಂಬ ಅವ್ಯಯ: ಅರ್ಥ ಮತ್ತು ಪ್ರಯೋಗ

ಶಬ್ದದ ಅರ್ಥವನ್ನು ನಿಘಂಟಿನಲ್ಲಿ ಕಂಡಮಾತ್ರಕ್ಕೆ ಅದರ ಪ್ರಯೋಗವು ಕೈವಶವಾಯಿತೆಂದು ತಿಳಿಯಲಾಗದು. ‘ಉಭಯತಃ’ ಎಂಬ ಸಂಸ್ಕೃತ ಅವ್ಯಯವೇ ಇದಕ್ಕೆ ನಿದರ್ಶನ. ‘ಉಭಯ’ ಶಬ್ದಕ್ಕೆ ‘ತಸಿಲ್’ ಪ್ರತ್ಯಯ ಸೇರಿ ಸಿದ್ಧವಾದ ಈ ರೂಪಕ್ಕೆ ಎರಡು ಪಕ್ಕಗಳಲ್ಲಿ, ಎರಡು ಪಕ್ಕಗಳಿಂದ ಎಂದರ್ಥ. ‘ತ್ರಲ್’ ಸೇರಿದರೆ ‘ಉಭಯತ್ರ’, ಅಂದರೆ ಎರಡೆಡೆಗಳಲ್ಲಿ. ‘ಥಾಲ್’ ಸೇರಿದರೆ ‘ಉಭಯಥಾ’, ಅಂದರೆ ಎರಡು ಪ್ರಕಾರದಲ್ಲಿಯೂ. ಪಾರ್ಶ್ವ, ಸ್ಥಾನ, ಪ್ರಕಾರಗಳೆಂಬ ಈ ಭೇದವನ್ನು ಕಲೆಸಿ ಬೋಧಿಸಿದರೆ ವಿದ್ಯಾರ್ಥಿಗೆ ಮೂರೂ ಕೈತಪ್ಪುತ್ತವೆ.

‘ದಾರಿಯ ಇಕ್ಕೆಲಗಳಲ್ಲಿ ಮರಗಳಿವೆ’ ಎಂಬ ವಾಕ್ಯವನ್ನು ಸಂಸ್ಕೃತಕ್ಕೆ ತಿರುಗಿಸುವಾಗ ಕನ್ನಡದ ಬಾಲಕನು ‘ಮಾರ್ಗಸ್ಯ’ ಎಂದು ಷಷ್ಠಿಯನ್ನು ಬರೆಯುವುದು ಸಾಮಾನ್ಯ. ‘ಉಭಯತಃ’ ಎಂಬುದರ ಯೋಗದಲ್ಲಿ ದ್ವಿತೀಯೆಯೇ ವಿಹಿತವಾದ್ದರಿಂದ ‘ಉಭಯತೋ ಮಾರ್ಗಂ ವೃಕ್ಷಾಃ’ ಎಂಬುದೇ ಸಾಧುರೂಪ. ಹಾಗೆಂದು ಬಾಲಕನನ್ನು ಜರೆದು ಫಲವೇನು? ತಾಯ್ನುಡಿಯ ಜಾಡೇ ಅವನನ್ನು ಅತ್ತ ಒಯ್ದಿದೆ. ‘ಇರ್’ ಮತ್ತು ‘ಕೆಲ’ ಸೇರಿ ‘ಇಕ್ಕೆಲ’ವಾಗಿದೆ, ಅದು ನಾಮಪದವಾದ್ದರಿಂದ ಷಷ್ಠಿಯನ್ನು ಬಯಸುತ್ತದೆ ಎಂದು ಮೊದಲು ತಿಳಿಸಿ, ಬಳಿಕ ಸಂಸ್ಕೃತದ ನಿಯಮವನ್ನು ಹೇಳುವ ಉಪಾಧ್ಯಾಯನು ಎರಡು ಭಾಷೆಗಳನ್ನೂ ಕಲಿಸಿದಂತಾಗುತ್ತದೆ.

ಕನ್ನಡದಲ್ಲಿ ‘ಉಭಯತ್ರರು’, ‘ಉಭಯತ್ರರಿಗೂ’ ಎಂಬ ರೂಪಗಳು ಬಳಕೆಯಲ್ಲಿವೆ. ಅವ್ಯಯಕ್ಕೆ ಲಿಂಗ, ವಚನ, ವಿಭಕ್ತಿಗಳಿಲ್ಲವೆಂಬ ಕಾರಣದಿಂದ ಇವನ್ನು ಅಪಶಬ್ದಗಳೆನ್ನುವವರುಂಟು. ಈ ನಿರ್ಣಯವು ಒಪ್ಪತಕ್ಕದ್ದಲ್ಲ. ಎರಡೂ ಪಕ್ಷದವರು ಎಂಬ ಅರ್ಥದಲ್ಲಿ ಕನ್ನಡವು ಆ ಶಬ್ದವನ್ನು ನಾಮಪದವಾಗಿಯೇ ಸ್ವೀಕರಿಸಿದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಹೊರಗಿನಿಂದ ಬಂದ ಶಬ್ದವು ಮನೆಯ ರೀತಿಗೆ ಹೊಂದಿಕೊಳ್ಳುವುದು ನಮ್ಮ ನುಡಿಗೆ ಹೊಸತಲ್ಲ.

ತಿದ್ದಬೇಕಾದ ದೋಷಗಳು ಬೇರೆ ಇವೆ. ‘ಉಭಯತ್ರರಿಬ್ಬರೂ’ ಎಂಬುದು ಪುನರುಕ್ತಿ. ಮೂವರು ಪಾಲುಗಾರರಿರುವಲ್ಲಿ ‘ಉಭಯತ್ರರು’ ಎಂಬುದು ಅಸಂಗತ. ಇವೆರಡಕ್ಕಿಂತಲೂ ಗುರುತರವಾದುದು ಅರ್ಥಲೋಪ. ಅಕ್ಷರವರಿಯದವನಿಗೆ ಓದಿ ಹೇಳದೆಯೇ ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ, ‘ಉಭಯತ್ರರೂ ಒಪ್ಪಿರುತ್ತಾರೆ’ ಎಂದು ಬರೆದರೆ ವ್ಯಾಕರಣ ಶುದ್ಧವಾಗಿದ್ದೂ ವಾಕ್ಯವು ಸುಳ್ಳಾಗುತ್ತದೆ. ಒಂದು ಪಕ್ಷದ ಇಚ್ಛೆಗೆ ಎರಡು ಪಕ್ಷಗಳ ಹೆಸರಿಟ್ಟಂತಾಗುತ್ತದೆ. ಅದರಿಂದ ಹೊಲ ಮನೆಗಳೇ ಕೈಬಿಟ್ಟು ಹೋಗಬಹುದು.

ಆದುದರಿಂದ ಈ ಶಬ್ದವನ್ನು ಕಲಿಸುವವರು ಪ್ರತ್ಯಯ, ವಿಭಕ್ತಿಗಳೊಡನೆ ಇನ್ನೊಂದು ಪ್ರಶ್ನೆಯನ್ನೂ ಅಭ್ಯಾಸ ಮಾಡಿಸಬೇಕು: ಇಲ್ಲಿ ಎರಡನೆಯ ಪಕ್ಷದವನು ಯಾರು, ಅವನ ಮಾತನ್ನು ಕೇಳಿದ್ದಾಯಿತೇ? ಶಾಲೆಯಲ್ಲಿ ಇದನ್ನು ಕೇಳಲು ಕಲಿತವನು ಮುಂದೆ ಪತ್ರ ಬರೆಯುವಾಗಲೂ ಪಂಚಾಯಿತಿಯಲ್ಲಿ ಕುಳಿತಾಗಲೂ ಕೇಳದೆ ಇರಲಾರನು.