ಮುಟ್ಟು ನಿಂತವಳಿಗೆ ಯಾವ ದಿನ?



ದುಡಿಯುವ ಸ್ತ್ರೀಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಯನ್ನು 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಅಂಗೀಕರಿಸಿದಾಗ ಹರ್ಷಿಸಿದವರಲ್ಲಿ ನಾನೂ ಒಬ್ಬಳು. ಆದರೆ ಅನಂತರದ ಆದೇಶದಲ್ಲಿ ಅದು 18ರಿಂದ 52 ವರ್ಷದವರಿಗೆಂದು ಓದಿದಂದಿನಿಂದ ಒಂದು ಶಂಕೆ ನನ್ನನ್ನು ಬಾಧಿಸುತ್ತಿದೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಪ್ರಾಯದಲ್ಲಿಯೇ ಮುಟ್ಟು ನಿಲ್ಲುವುದಷ್ಟೆ. ಮಿಕ್ಕ ಐದಾರು ವರ್ಷ, ವೈದ್ಯರ ಪ್ರಮಾಣಪತ್ರವನ್ನು ಕೇಳದ ಆ ಉದಾರ ರಜೆಯನ್ನು ಅವರು ಸುಳ್ಳಾಡಿ ಪಡೆಯಬೇಕೋ, ನಿಜವಾಡಿ ಬಿಡಬೇಕೋ?

ಮುಟ್ಟು ನಿಂತರೆ ಪೀಡೆ ಕಳೆಯಿತೆನ್ನುವುದು ನಮ್ಮಲ್ಲಿ ರೂಢಿ. ಭದ್ರೆಯ ಹಿನ್ನೀರಿನ ಮೇಲಿಂದ ಶೀತಗಾಳಿ ಬೀಸುವ ಪುಷ್ಯಮಾಸದ ರಾತ್ರಿಯಲ್ಲಿ, ಮನೆಯವರೆಲ್ಲ ಕಂಬಳಿಯೊಳಗೆ ಮುದುಡಿರುವಾಗ, ಎದೆಯಿಂದ ಕೊರಳಿಗೂ ಕೊರಳಿನಿಂದ ಮುಖಕ್ಕೂ ಉರಿಯೇರಿ, ಕುಪ್ಪಸವೆಲ್ಲ ಬೆವರಿನಲ್ಲಿ ತೊಯ್ದು, ಜಗುಲಿಯಲ್ಲಿ ಕುಳಿತು ಬೆಳಗು ಮಾಡಿದವಳಿಗೆ ಆ ಮಾತಿನ ಬೆಲೆ ತಿಳಿದೀತು. ಈಸ್ಟ್ರೊಜೆನ್ ಕುಗ್ಗಿದಾಗ ದೇಹದ ಉಷ್ಣವನ್ನಾಳುವ ಮಿದುಳಿನ ಕೇಂದ್ರವು ತಬ್ಬಿಬ್ಬಾಗುವುದರ ಫಲವಿದು. ಮೂಳೆಯ ಸವೆತವಾದರೋ ಸದ್ದಿಲ್ಲದೆ ಸಾಗುವುದು. ಈ ಉರಿಗೆ ಚಿಕಿತ್ಸೆಯಿಲ್ಲದಿಲ್ಲ; ಹಾರ್ಮೋನು ಕೊಡುವ ಚಿಕಿತ್ಸೆ ಎಲ್ಲರಿಗೂ ಸಲ್ಲದು, ಸ್ತನದ ಕ್ಯಾನ್ಸರಿಗೆ ತುತ್ತಾದವರಿಗೆ ಸಾಮಾನ್ಯವಾಗಿ ಕೊಡರು, ಆದರೆ ಹಾರ್ಮೋನಿಲ್ಲದ ಔಷಧಗಳೂ ಉಂಟು. ಇಷ್ಟನ್ನು ನಾನು ತಿಳಿದದ್ದು ಓದಿನಿಂದ. ನನ್ನನ್ನು ಪರೀಕ್ಷಿಸಿದ ವೈದ್ಯರು ‘ವಯೋಧರ್ಮ, ಸಹಿಸಿಕೊಳ್ಳಿ ಅಮ್ಮಾ’ ಎಂದು ಕ್ಯಾಲ್ಸಿಯಂ ಗುಳಿಗೆ ಬರೆದು ಕಳುಹಿಸಿದರು.

ನಾನಾದರೂ ಕಛೇರಿಯಲ್ಲಿ ಪಂಖದ ಕೆಳಗೆ ದುಡಿಯುವವಳು. ಅಡಿಕೆ ಸುಗ್ಗಿಯಲ್ಲಿ, ಬೇಯುವ ಹಂಡೆಯ ಮಗ್ಗುಲಲ್ಲಿಯೇ ಮೆಟ್ಟುಗತ್ತಿಯ ಮುಂದೆ ಕುಳಿತು, ಡಬ್ಬದ ಲೆಕ್ಕದ ಕೂಲಿಗಾಗಿ ರಾತ್ರಿಯವರೆಗೆ ಸುಲಿಯುವ, ಆ ರಜೆಯೇ ತಲುಪದ ಹೆಂಗಸರಿಗೆ ಆದೇಶದ 18 ಆದರೇನು, 52 ಆದರೇನು?

ಆದುದರಿಂದ ನಾನು ಬೇಡುವುದು ಇನ್ನೊಂದು ರಜೆಯನ್ನಲ್ಲ. ಮೂವತ್ತು ದಾಟಿದವರ ಆರೋಗ್ಯವನ್ನು ವಿಚಾರಿಸಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ, ಮುಟ್ಟು ನಿಂತ ಬಳಿಕ ರಕ್ತಸ್ರಾವವಾಯಿತೇ ಎಂಬ ಪ್ರಶ್ನೆಯೊಂದಿದೆ. ಕ್ಯಾನ್ಸರಿನ ಶಂಕೆಯಿಂದ ಕೇಳುವ ಆ ಪ್ರಶ್ನೆ ಉಚಿತವೇ. ಅದರ ಕೆಳಗೆ, ಮೈ ಕಾಯುವುದೇ, ರಾತ್ರಿ ನಿದ್ದೆ ಹತ್ತುವುದೇ ಎಂದು ಇನ್ನೊಂದು ಸಾಲನ್ನು ಸೇರಿಸಲಿ. ಪ್ರತಿ ತಿಂಗಳ 9ನೆಯ ತಾರೀಖನ್ನು ಗರ್ಭಿಣಿಯರ ತಪಾಸಣೆಗೆ ಗೊತ್ತುಮಾಡಿರುವ ಸರ್ಕಾರವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮುಟ್ಟು ನಿಂತವರಿಗಾಗಿಯೂ ಒಂದು ದಿನವನ್ನು ಗೊತ್ತುಮಾಡಲಿ. ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೆ ಬಸ್ಸು ಹಿಡಿದು ಹೋಗಿಬರುವಷ್ಟರಲ್ಲಿ ಸುಲಿಯುವವಳ ಒಂದು ದಿನದ ಕೂಲಿ ಹೋಗಿರುತ್ತದೆ.

ಇಂತು,
ಓರ್ವ ಓದುಗಿ, ಶಂಕರಘಟ್ಟ